ಬೆಳಗಾವಿ–ಬೆಂಗಳೂರು ವಿಮಾನ: ‘ಅರ್ಧ ಗಂಟೆ’ ಲೆಕ್ಕದ ಸತ್ಯಾಂಶ

‘ಸಾಂಬ್ರಾದಿಂದ (ಬೆಳಗಾವಿಯ ವಿಮಾನ ನಿಲ್ದಾಣ) ಬೆಂಗಳೂರಿಗೆ ಆಕಾಶಮಾರ್ಗ 445 ಕಿ.ಮೀ., ವಿಮಾನದ ವೇಗ ಗಂಟೆಗೆ 800 ಕಿ.ಮೀ. ಅರ್ಧ ಗಂಟೆಯ ದಾರಿಗೆ ಒಂದೂಕಾಲು ಗಂಟೆ ಸುತ್ತಾಡಿಸುತ್ತಾರೆ’ ಎಂಬ ಸಂದೇಶ ಬೆಳಗಾವಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ.

ದೂರ ಹೆಚ್ಚುಕಡಿಮೆ ಸರಿಯೇ. ಅದು ನೇರ ಗೆರೆಯ ಅಳತೆ. ತಪ್ಪಿರುವುದು ವೇಗದ ಲೆಕ್ಕ. 800 ಕಿ.ಮೀ. ಎಂಬುದು ಜೆಟ್ ವಿಮಾನ ಎತ್ತರದಲ್ಲಿ ಹಾರುವಾಗಿನ ಮಾತು. ಎಟಿಆರ್-72ರಂಥ ಪ್ರೊಪೆಲ್ಲರ್ ವಿಮಾನದ ವೇಗ ಸುಮಾರು 500 ಕಿ.ಮೀ. ಜೆಟ್ ಆದರೂ ಇಷ್ಟು ಹತ್ತಿರದ ದಾರಿಯ ಬಹುಪಾಲು ಏರುವುದರಲ್ಲಿ, ಇಳಿಯುವುದರಲ್ಲಿಯೇ ಮುಗಿಯುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಸುಮಾರು 460 ಕಿ.ಮೀ. ವೇಗದ ಮಿತಿಯೂ ಇದೆ.

‘ಸುತ್ತಾಡಿಸುತ್ತಾರೆ’ ಎಂಬ ದೂರನ್ನು ಬಿಡಿಸಿ ನೋಡಲೇಬೇಕು. ವಿಮಾನ ಇಳಿಯುವುದು ಎದುರುಗಾಳಿಗೆ ಮುಖಮಾಡಿ. ಕೆಂಪೇಗೌಡ ನಿಲ್ದಾಣದ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಪೂರ್ವದ ಕಡೆಯಿಂದ ಇಳಿಯಬೇಕಾಗುತ್ತದೆ. ವಾಯವ್ಯದಿಂದ ಬರುವ ನಮ್ಮ ವಿಮಾನ ನಿಲ್ದಾಣವನ್ನು ದಾಟಿ, ಬಳಸಿ, ತಿರುಗಿ ಬರುತ್ತದೆ. ಕಿಟಕಿಯಿಂದ ನೋಡಿದವರಿಗೆ ಸುಮ್ಮನೆ ಸುತ್ತಿದಂತೆ ಕಾಣುವುದು ಸಹಜ. ಆದರೆ ಅದು ಸುರಕ್ಷತೆಯ ದಾರಿ. ರನ್‌ವೇ ಖಾಲಿಯಾಗುವವರೆಗೆ ಕಾಯಿಸುವುದೂ ಉಂಟು.

ಟಿಕೆಟ್‌ನಲ್ಲಿರುವ ಸಮಯ ಬರೀ ಹಾರಾಟದ್ದಲ್ಲ. ಸಾಂಬ್ರಾದಲ್ಲಿ ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ ಬೆಂಗಳೂರಿನಲ್ಲಿ ನಿಲ್ಲುವವರೆಗಿನದು. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ನೆಲದ ಮೇಲಿನ ಓಟಕ್ಕೇ ಹತ್ತು ನಿಮಿಷ ಹಿಡಿಯಬಹುದು.