ನಲ್ಲಿಯ ಬೀಗದ ಕೈ

ನಾನು ನಮ್ಮ ಪಾರ್ಕಿನ ಬೆಂಬಲಿಗ. ಹಾಗಂತ ಗಿಡಕ್ಕೆ ನೀರು ಹಾಕುವವನು ಅಂದುಕೊಂಡುಬಿಡಬೇಡಿ, ಅದು ಬೇರೆ ಇಲಾಖೆ. ನಾನು ಪಾರ್ಕಿನ ವಾಟ್ಸಾಪ್ ಗ್ರೂಪಿನಲ್ಲಿದ್ದೇನೆ. ಯಾರಾದರೂ ಹೂವಿನ ಫೋಟೋ ಹಾಕಿದರೆ ತಪ್ಪದೆ ಹೆಬ್ಬೆರಳು ಎತ್ತುತ್ತೇನೆ. ನನ್ನಂಥವರು ಅಲ್ಲಿ ಇನ್ನೂರು ಜನ. ನೀರು ಹಾಕುವವರು ಮೂರು.

ನಗರಸಭೆಯವರು ನೋಡಿಕೊಳ್ಳಲ್ಲ ಅಂತ ಬೈದು ಬೈದು, ಕೊನೆಗೆ ಬಡಾವಣೆಯವರೇ ಪಾರ್ಕನ್ನು ವಹಿಸಿಕೊಂಡೆವು. ಒಂದೇ ವಾರದಲ್ಲಿ ನಾವೂ ನಗರಸಭೆಯೇ ಆಗಿಬಿಟ್ಟೆವು. ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಖಜಾಂಚಿ, ನಾಲ್ವರು ಗೌರವ ಸಲಹೆಗಾರರು. ಗುದ್ದಲಿ ಮಾತ್ರ ಒಂದೇ.

ಈ ಬೇಸಿಗೆಯಲ್ಲಿ ನಮ್ಮನ್ನು ಕಾಡಿದ್ದು ನಲ್ಲಿಯ ಬೀಗ. ಯಾರೋ ನಲ್ಲಿ ನಿಲ್ಲಿಸದೆ ಹೋದರು ಅಂತ ಅದಕ್ಕೊಂದು ತಗಡಿನ ಡಬ್ಬ ಮಾಡಿಸಿ ಬೀಗ ಜಡಿದರು. ಬೀಗದ ಕೈ ಯಾರ ಹತ್ತಿರ ಇರಬೇಕು? ಮೂರು ಮೀಟಿಂಗ್ ಆಯಿತು. ಅಧ್ಯಕ್ಷರ ಹತ್ತಿರವೇ ಇರಲಿ ಅಂತ ತೀರ್ಮಾನ. ನೀರು ಹಾಕುವುದು ಬೆಳಿಗ್ಗೆ ಆರಕ್ಕೆ, ಅವರು ಏಳುವುದು ಒಂಬತ್ತಕ್ಕೆ. ‘ಇನ್ನೊಂದು ಕೀ ಮಾಡಿಸೋಣ ಸಾರ್’ ಅಂದ ಒಬ್ಬ ಹುಡುಗ. ‘ಎಲ್ಲರ ಹತ್ತಿರ ಕೀ ಇದ್ದರೆ ಬೀಗ ಯಾಕಪ್ಪಾ?’ ಅಂದರು ಸಲಹೆಗಾರರು. ಎಲ್ಲರೂ ತಲೆಯಾಡಿಸಿದರು. ಮಾತು ಸರಿ, ಅಲ್ವಾ?

ನೀರು ಹಾಕುವ ಮೂವರಲ್ಲಿ ಒಬ್ಬರು ನಿವೃತ್ತ ಟೀಚರ್. ಹಳೇ ಪೇಂಟ್ ಬಕೆಟ್‌ನಲ್ಲಿ ಮನೆಯಿಂದಲೇ ನೀರು ಹೊತ್ತು ತರುತ್ತಿದ್ದರು. ಬಕೆಟ್ಟಿನ ಹಿಡಿ ಕಿತ್ತುಹೋಗಿ, ಅದರ ಜಾಗಕ್ಕೆ ವೈರು ಬಂದಿತ್ತು. ಗೇಟಿನ ಪಕ್ಕದ ಸಸಿಯ ಎಲೆ ಅಂಚಿನಿಂದ ಒಳಕ್ಕೆ ಸುರುಟಿ, ಸುಟ್ಟ ಕಾಗದದ ಹಾಗೆ ಮುಟ್ಟಿದರೆ ಪುಡಿಯಾಗುತ್ತಿತ್ತು. ‘ಹೊಸ ಗಿಡಕ್ಕೆ ಮೊದಲ ಎರಡು ಮೂರು ವರ್ಷ ಆಳದವರೆಗೆ ನೆನೆಯುವಷ್ಟು ನೀರು ಬೇಕು. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಬೇರೂ ಮೇಲೇ ಉಳಿಯುತ್ತೆ, ಬಿಸಿಲಿಗೆ ತಡೆಯಲ್ಲ’ ಅಂದರು ಟೀಚರ್. ಎಷ್ಟು ಒಳ್ಳೆಯ ಮಾತು! ತಕ್ಷಣ ಗ್ರೂಪಿಗೆ ಹಾಕಿದೆ. ಅರವತ್ನಾಲ್ಕು ಹೆಬ್ಬೆರಳು ಬಂದವು. ನೀರು ಬರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಹುಡುಗ ನ್ಯೂಯಾರ್ಕಿನ ಕಥೆ ತೆಗೆದ. 1973ರಲ್ಲಿ ಲಿಜ್ ಕ್ರಿಸ್ಟಿ ಅನ್ನುವವರೂ ಅವರ ಗೆಳೆಯರೂ ಕಸ ತುಂಬಿದ್ದ ಖಾಲಿ ಜಾಗವೊಂದನ್ನು ತಾವೇ ಬಳಿದು ತೋಟ ಮಾಡಿದರಂತೆ. ಬೇಲಿ ಹಾಕಿದ ಪಾಳು ಜಾಗಗಳ ಒಳಕ್ಕೆ ಬೀಜದ ಉಂಡೆ ಎಸೆಯುತ್ತಿದ್ದರಂತೆ. ಮರುವರ್ಷ ಅಲ್ಲಿನ ನಗರಾಡಳಿತದವರೇ ಆ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟರು. ಲಿಜ್ ಕ್ರಿಸ್ಟಿ ಹೆಸರಿನ ಆ ತೋಟ ಈಗಲೂ ಇದೆ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿ ಕನ್ನಡಕ ತೆಗೆದು ಕೇಳಿದರು: ‘ಬೀಜ ಎಸೆಯೋಕೆ ಕಮಿಟಿ ಒಪ್ಪಿಗೆ ಇತ್ತಾ?’

ಜೂನ್ 5 ಬಂತು, ಪರಿಸರ ದಿನ. ಸಸಿ ಅಷ್ಟರಲ್ಲಿ ಸತ್ತಿತ್ತು. ‘ಒಳ್ಳೆಯದೇ ಆಯ್ತು, ಗುಂಡಿ ತೋಡೋ ಕೆಲಸ ಉಳೀತು’ ಅಂದರು ಅಧ್ಯಕ್ಷರು. ಒಣಕಡ್ಡಿ ಕಿತ್ತು ಅದೇ ಗುಂಡಿಯಲ್ಲಿ ಹೊಸ ಸಸಿ ಇಟ್ಟರು. ಹಿಡಿದ ಕೈಗಳನ್ನು ಎಣಿಸಿದೆ, ಹನ್ನೊಂದು. ಸಸಿಗೆ ಇದ್ದ ಎಲೆ ಒಂಬತ್ತು. ಇನ್ನೇನು ನೀರು ಹಾಕಬೇಕು, ಅಧ್ಯಕ್ಷರು ಜೇಬು ತಡಕಿಕೊಂಡರು. ಕೀ ಮನೆಯಲ್ಲೇ ಉಳಿದಿತ್ತು.

ಟೀಚರ್ ಬಕೆಟ್ ಹಿಡಿದು ಮುಂದೆ ಬಂದರು. ‘ಮೇಡಂ, ಒಂಚೂರು ಪಕ್ಕಕ್ಕೆ ಇಡಿ’ ಅಂದ ಫೋಟೋದವನು, ‘ಬಕೆಟ್ ಅಡ್ಡ ಬರ್ತಿದೆ.’