ಸತ್ಯಾಂಶ: ಒಳಚೀಲ ಕೆಟ್ಟರೆ ಬದುಕೇ ಮುಗಿಯಿತೇ?

"ಹೊಟ್ಟೆಯೊಳಗೆ ಮಾಡಿದ ಕರುಳಿನ ಚೀಲ ಕೆಟ್ಟರೆ ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಹೊರಚೀಲವೊಂದೇ ಗತಿ, ಆಮೇಲೆ ಮನೆಯಿಂದ ಹೊರಬೀಳುವಂತಿಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಅಲ್ಸರೇಟಿವ್ ಕೊಲೈಟಿಸ್‌ನಿಂದ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ದೊಡ್ಡ ಕರುಳನ್ನು ತೆಗೆಸಿಕೊಂಡವರಿಗೆ ಸಣ್ಣ ಕರುಳಿನ ತುದಿಯನ್ನು ಮಡಚಿ, ಚೀಲವಾಗಿಸಿ ಗುದದ್ವಾರಕ್ಕೆ ಜೋಡಿಸುವುದೇ ಜೆ-ಪೌಚ್. ಹೆಚ್ಚಿನವರಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಸೋಂಕು, ಫಿಸ್ಟುಲಾ (ಕರುಳಿನಿಂದ ಬೇರೆಡೆಗೆ ಆಗುವ ಅಸಹಜ ದಾರಿ), ಕ್ರೋನ್ಸ್ ಕಾಯಿಲೆ (ಜೀರ್ಣಾಂಗದ ಯಾವ ಭಾಗದಲ್ಲೂ ಬರಬಹುದಾದ ಉರಿಯೂತ) ಇವುಗಳಿಂದ ಕೆಲವರಲ್ಲಿ ಸೋಲುತ್ತದೆ. ಸೋತದ್ದೇಕೆ ಎಂಬುದನ್ನು ಮೊದಲು ಕೇಳಬೇಕು. ಜೋಡಣೆಯ ದೋಷವಾದರೆ ನುರಿತ ತಜ್ಞರು ಚೀಲವನ್ನು ಸರಿಪಡಿಸಬಹುದು, ಹೊಸದಾಗಿಯೂ ಕಟ್ಟಬಹುದು.

ಸ್ವೀಡನ್ನಿನ ಶಸ್ತ್ರವೈದ್ಯ ನಿಲ್ಸ್ ಕಾಕ್ ರೂಪಿಸಿದ ಇನ್ನೊಂದು ದಾರಿಯೂ ಇದೆ: ಮಲ ತಾನಾಗಿ ಸೋರದಂತೆ ತಡೆಯುವ ಕವಾಟವಿರುವ ಒಳಚೀಲ. ಹೊಟ್ಟೆಯ ಮೇಲಿನ ಸಣ್ಣ ರಂಧ್ರದಲ್ಲಿ ನಳಿಕೆ ತೂರಿಸಿ ದಿನಕ್ಕೆ ಕೆಲವು ಬಾರಿ ಖಾಲಿ ಮಾಡಿಕೊಂಡರಾಯಿತು. ಆದರೆ ಕವಾಟ ಜಾರಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪವಲ್ಲ. ಕ್ರೋನ್ಸ್ ಇದ್ದವರಿಗೆ ಸಾಮಾನ್ಯವಾಗಿ ಇದನ್ನು ಸೂಚಿಸುವುದಿಲ್ಲ. ಮಾಡುವ ಆಸ್ಪತ್ರೆಗಳೂ ಕಡಿಮೆ.

ಇನ್ನು ಹೊರಚೀಲ, ಅಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲಿನ ರಂಧ್ರಕ್ಕೆ ತಂದು ಅಲ್ಲಿ ಚೀಲ ಅಂಟಿಸುವ ಇಲಿಯಾಸ್ಟಮಿ. ಅದನ್ನು ಶಿಕ್ಷೆಯೆಂಬಂತೆ ಹೇಳುವುದು ನನಗೆ ನೋವು ತರುತ್ತದೆ. ಹಗಲೂ ರಾತ್ರಿ ಶೌಚಾಲಯಕ್ಕೆ ಓಡುತ್ತಿದ್ದ ಎಷ್ಟೋ ಜನ ಅದರ ನಂತರವೇ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾರೆ. ಕೆಲಸ, ಪ್ರಯಾಣ, ಈಜು ಯಾವುದಕ್ಕೂ ಅದು ಅಡ್ಡಿಯಲ್ಲ. ನೀರು, ಉಪ್ಪು ದೇಹದಿಂದ ಬೇಗ ಹೋಗುವುದರಿಂದ ಯಾವಾಗಲೂ ಎಚ್ಚರ ಬೇಕು, ಬೇಸಿಗೆಯಲ್ಲಂತೂ ವಿಶೇಷವಾಗಿ.