ಇಂಟರ್‌ವ್ಯೂ ಅವಳದು, ಪ್ರಶ್ನೆ ನನಗೆ

ನಿನ್ನೆಯಿಂದ ತಲೆ ಕೆಟ್ಟು ಕೂತಿದ್ದೇನೆ. ಕಾಕಾನ ಮಗಳ ಜೊತೆ ಹುಬ್ಬಳ್ಳಿ ವಿದ್ಯಾನಗರದ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಅಕೌಂಟ್ಸ್ ಕೆಲಸ. ಹುಡುಗಿ ಬಿ.ಕಾಂ. ಮಾಡಿದ್ದಾಳೆ, ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕೈ ಪಳಗಿದೆ. ಹುಟ್ಟಿನಿಂದ ಎಡಗಾಲಿಗೆ ಬಲವಿಲ್ಲ, ಊರುಗೋಲು ಹಿಡಿದು ನಡೆಯುತ್ತಾಳೆ. ನವನಗರದಿಂದ, ಹುಬ್ಬಳ್ಳಿ-ಧಾರವಾಡ ಮಧ್ಯೆ ಓಡೋ ಚಿಗರಿ ಬಸ್ಸಲ್ಲಿ ಒಬ್ಬಳೇ ಓಡಾಡ್ತಾಳೆ. ಸ್ಟೇಷನ್ನಿನ ಕಟ್ಟೆ, ಬಸ್ಸಿನ ಬಾಗಿಲು ಒಂದೇ ಎತ್ತರ, ಯಾರ ಕೈಯೂ ಬೇಕಿಲ್ಲ. ನಾನು ಹೋಗಿದ್ದು ಆ ಆಫೀಸಿಗೆ ಲಿಫ್ಟ್ ಇಲ್ಲ ಅನ್ನೋದಕ್ಕೆ ಮಾತ್ರ.

ಹಿಂದಿನ ದಿನವೇ ಫೋನ್ ಮಾಡಿದ್ದಳು. "ಕೆಳಗಡೆನೇ ಹತ್ತು ನಿಮಿಷ ಮಾತಾಡಬಹುದೇನ್ರೀ?" "ಬರ್ರಿ, ನೋಡೋಣು." ಹೋದರೆ ಹುಡುಗನೊಬ್ಬ ಬಂದು, "ಸರ್ ಮ್ಯಾಲ ಅದಾರ" ಅಂದ. ನಲವತ್ತೆರಡು ಮೆಟ್ಟಿಲು, ಎಣಿಸಿದ್ದೇನೆ. ಮೇಲೆ ತಲುಪೋ ಹೊತ್ತಿಗೆ ಅವಳ ಅಂಗೈ ಕೆಂಪಾಗಿತ್ತು. ಬೆಳಗ್ಗೆ ಇಸ್ತ್ರಿ ಮಾಡಿದ ಚೂಡಿದಾರ ಬೆನ್ನಿಗೆ ಅಂಟಿತ್ತು.

ಸಾಹೇಬ್ರು ಅವಳ ಫೈಲು ತೆರೆದರು, ನನ್ನ ಮುಖ ನೋಡಿದರು. "ಇವರಿಗೆ ಏನಾಗೇತ್ರಿ?" ಆಮೇಲೆ, "ದಿನಾ ಯಾರು ಕರಕೊಂಡು ಬರೋರು?" ಅದಾದ ಮೇಲೆ, "ಮದುವಿ ಗಿದುವಿ?" ಎಲ್ಲವೂ ನನಗೇ! "ಸರ್, ನನ್ನ ಕೇಳ್ರಿ, ನಾ ಹೇಳ್ತೀನಿ" ಅಂದಳು. ಅವರು ನಕ್ಕು, "ಧೈರ್ಯ ಐತಿ ಬಿಡು" ಅಂದರು. ಟ್ಯಾಲಿ ಬಗ್ಗೆ ಒಂದು ಪ್ರಶ್ನೆ? ಊಹೂಂ. ಕೊನೆಗೆ, "ನಿಮಗ ತ್ರಾಸ ಆಗಬಾರದು ಅಂತ ಹೇಳಾಕತ್ತೀನಿ." ಏನು ಕಾಳಜಿ ಮಾರಾಯ್ರೇ! ಮೆಟ್ಟಿಲು ಹತ್ತಿಸುವಾಗ ಇದು ಎಲ್ಲಿ ಹೋಗಿತ್ತು?

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಕಂಪನಿಗೆ ವಿಪರೀತ ಹೊರೆಯಾಗದ ಅನುಕೂಲ ಮಾಡಿಕೊಡದೇ ಇರೋದೂ ತಾರತಮ್ಯವೇ ಅನ್ನುತ್ತೆ ಅದು. ಕೆಳಗೆ ಇಳಿದು ಬರೋದು ಯಾವ ದೊಡ್ಡ ಹೊರೆ? ಖಾಸಗಿಯವರಿಗೆ ಇದೆಲ್ಲ ಇಲ್ಲ ಅಂದ್ಕೊಂಡಿರೋರೇ ಜಾಸ್ತಿ. ಇದೆ. ಸಮಾನ ಅವಕಾಶದ ನೀತಿ ಅಂತ ಒಂದನ್ನು ಅವರೂ ಬರೆದು, ವೆಬ್‌ಸೈಟಿನಲ್ಲೋ ಆಫೀಸಿನಲ್ಲಿ ಎದ್ದು ಕಾಣೋ ಜಾಗದಲ್ಲೋ ಹಾಕಬೇಕು. 20 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಂಗವಿಕಲರ ನೇಮಕಾತಿ ನೋಡಿಕೊಳ್ಳೋಕೆ ಒಬ್ಬ ಅಧಿಕಾರಿಯನ್ನೂ ಇಡಬೇಕು. ಅಲ್ಲಿ ಏನಿಲ್ಲಾಂದ್ರೂ ನಲವತ್ತು ಜನ ಇದ್ದರು. ಗೋಡೆ ಮೇಲೆ ಸಿದ್ಧಾರೂಢರ ಫೋಟೋ, ಕ್ಯಾಲೆಂಡರ್, 'ಚಪ್ಪಲಿ ಹೊರಗೆ ಬಿಡಿ' ಅನ್ನೋ ಬೋರ್ಡು. ಅಷ್ಟೇ.

ಇದನ್ನೆಲ್ಲ ನಾನು ಓದಿದ್ದು ನಿನ್ನೆ ರಾತ್ರಿ, ಸಿಟ್ಟಲ್ಲಿ. ಕಾಲೇಜಲ್ಲಿ ರೆಸ್ಯೂಮ್ ಹೆಂಗೆ ಬರೀಬೇಕು, ಯಾವ ಬಣ್ಣದ ಶರ್ಟ್ ಹಾಕಬೇಕು ಅಂತ ಎರಡು ದಿನ ಟ್ರೇನಿಂಗ್ ಕೊಟ್ಟಿದ್ರಂತೆ. 'ಕಾಲಿನ ಬಗ್ಗೆ ಕೇಳಿದರೆ, ಕೆಲಸದ ಬಗ್ಗೆ ಕೇಳಿ ಸರ್ ಅನ್ನು' ಅಂತ ಒಬ್ಬರಾದರೂ ಹೇಳಿಕೊಡಬೇಕಿತ್ತಲ್ವಾ? ಅಂಗವಿಕಲರ ಗುರುತಿನ ಚೀಟಿ, ಅದೇ ಯುಡಿಐಡಿ ಕಾರ್ಡ್, ಮಾಡಿಸಿಕೊಡೋಕೆ ಓಡಾಡೋ ಜನ ಇದ್ದಾರೆ. ಇಂಟರ್‌ವ್ಯೂನಲ್ಲಿ ಏನು ಕೇಳಿ ಪಡೀಬಹುದು ಅಂತ ಕೂತು ಹೇಳೋರು ನಮಗಂತೂ ಸಿಗಲಿಲ್ಲ.

ಇನ್ನೂ ಒಂದು ಬರೀಬೇಕು, ನಾಚಿಕೆಯಾದರೂ. ಆ ಮೂರೂ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. "ನಾನೇ ಬಿಡ್ತೀನ್ರಿ ಸರ್" ಅಂತ ಹಲ್ಲು ಕಿರಿದೆ. ಒಬ್ಬಳೇ ಬರ್ತಾಳೆ ಅನ್ನೋದು ಬಾಯಿಗೆ ಬರಲೇ ಇಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಉಣಕಲ್ ದಾಟುವವರೆಗೂ ಅವಳು ಮಾತಾಡಲಿಲ್ಲ.

ಗುರುವಾರ ಧಾರವಾಡದಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ. "ಅಣ್ಣಾ, ನೀ ಕೆಳಗ ಚಾ ಕುಡಕೋತ ಕುಂದ್ರು" ಅಂದಿದ್ದಾಳೆ.